ಓದು ಬಾರದವರ ಶೆಡ್ಡು

ಕಂತು ಒಂಬತ್ತು

"ಗುಟ್ಟು ಹೇಳಿದ್ರೆ ನಾಳೆ ಬೆಳಗಾಗೋದ್ರೊಳಗೆ ಇಂಥವೇ ಹತ್ತು ಶೆಡ್ಡು ಎದ್ದಿರ್ತವೆ. ಹೇಳಾಕಾಗಲ್ಲ" ಎಂದು ಪಂಚಾಕ್ಷರಪ್ಪನವರು ಮೂರನೆಯ ಸಲ ಹೇಳಿ, ವೀಳ್ಯದೆಲೆಯ ಬೆನ್ನಿಗೆ ಸುಣ್ಣ ಹಚ್ಚತೊಡಗಿದರು.

ಕೈಗಡಿಯಾರ ನೋಡಿಕೊಂಡೆ. ಹನ್ನೊಂದೂಕಾಲು. ಅದು ಸುಳ್ಳು ಹೇಳುವ ಗಡಿಯಾರವಲ್ಲ, ರಿಪೇರಿ ಮಾಡಿದವನು ನಾನೇ. ಹೊನ್ನಾಳಿ ಬಸ್ ಸ್ಟ್ಯಾಂಡಿನ ಎದುರು ನನ್ನ ಗಡಿಯಾರದ ಅಂಗಡಿ. ಅದೇ ಬಾಗಿಲ ಮೇಲೆ 'ತಿಪ್ಪೇಶಪ್ಪ, ಪತ್ತೇದಾರರು' ಎಂಬ ಇನ್ನೊಂದು ಬೋರ್ಡು. ಹುಟ್ಟಿದ್ದು ಜಗಳೂರಿನಲ್ಲಿ. ಹುಟ್ಟಿದ ಮೂರನೆಯ ದಿನ, ಸೂಲಗಿತ್ತಿ ಕಳೆದುಕೊಂಡ ಉಂಗುರವನ್ನು ತೊಟ್ಟಿಲೊಳಗಿಂದಲೇ ಬೆರಳು ಮಾಡಿ ತೋರಿಸಿದೆನೆಂದು ಅಲ್ಲಿಯವರು ಇಂದಿಗೂ ಹೇಳುತ್ತಾರೆ. ಹೇಳದವರಿಗೆ ನಾನೇ ಹೇಳುತ್ತೇನೆ.

ಆದರೆ ಆ ದಿನ, ಎಂಬತ್ತೊಂದರ ಫೆಬ್ರವರಿಯ ಆ ಗುರುವಾರ, ನ್ಯಾಮತಿಯ ಆ ತಗಡಿನ ಶೆಡ್ಡಿನಲ್ಲಿ ನನ್ನ ಯಾವ ಕತೆಯೂ ನಡೆಯುವಂತೆ ಕಾಣಲಿಲ್ಲ.

ಉಬ್ರಾಣಿಯ ಉಡಚಮ್ಮ ಚನ್ನಗಿರಿಯ ಆಸ್ಪತ್ರೆಯಲ್ಲಿ ಮಲಗಿ ಮೂರು ದಿನವಾಗಿತ್ತು. ನಾಲಿಗೆ ಊದಿ ಬಾಯಿ ತುಂಬಿತ್ತು, ಎರಡು ದಿನದಿಂದ ಮೂತ್ರ ಕಟ್ಟಿತ್ತು. ಆಕೆಯ ಹೊಟ್ಟೆಗೆ ಹೋಗಿರುವುದು ಪಂಚಾಕ್ಷರಪ್ಪನವರ ಚೊಗರು ಪುಡಿ ಎನ್ನುವಷ್ಟನ್ನು, ಆಕೆ ಮನೆಯಲ್ಲಿ ಹಾಸಿಗೆ ಹಿಡಿದಂದಿನಿಂದ ಎಂಟು ದಿನ ಅಲೆದು ಪತ್ತೆ ಮಾಡಿದ್ದೆ. ಡಾಕ್ಟರು ಬೆಳಿಗ್ಗೆ ನನ್ನನ್ನು ಬಾಗಿಲ ಹೊರಗೆ ಕರೆದು, ಪುಡಿಯೊಳಗೆ ಏನಿದೆ ಎಂಬುದು ಸಂಜೆ ನಾಲ್ಕರೊಳಗೆ ಗೊತ್ತಾಗಬೇಕು, ಹೆಸರು ಗೊತ್ತಾದರೆ ಔಷಧವಿದೆ, ಗೊತ್ತಾಗದಿದ್ದರೆ ತಾನು ಕೈಕಟ್ಟಿ ನಿಲ್ಲಬೇಕಾಗುತ್ತದೆ ಎಂದಿದ್ದರು.

ಒಂದು ಹೆಸರು. ನಾನು ನ್ಯಾಮತಿಗೆ ಬಂದದ್ದು ಅದೊಂದಕ್ಕೆ.

ಅಡಿಕೆ ಬೇಯಿಸಿದ ನೀರು ಹಂಡೆಯಲ್ಲಿ ಕುದಿದೂ ಕುದಿದೂ ಕೆಂಪಗೆ ಮಂದವಾಗುತ್ತದಲ್ಲ, ಅದು ಚೊಗರು. ಅದನ್ನು ಗಡಿಗೆಯಲ್ಲಿ ಎತ್ತಿಟ್ಟು ಮುಂದಿನ ವರ್ಷದ ಅಡಿಕೆಗೆ ಬಣ್ಣ ಹಿಡಿಸುತ್ತಾರೆ. ಅದು ಹದಕ್ಕೆ ಬಂತೋ ಇಲ್ಲವೋ ಎಂದು ಹೇಳುವುದು ಕಣ್ಣಲ್ಲ, ನಾಲಿಗೆ. ಬೆರಳ ತುದಿಯಲ್ಲಿ ಅದ್ದಿ, ನೆಕ್ಕಿ, ನುಂಗಬೇಕು. ಒಗರು ಗಂಟಲಿಗೆ ಇಳಿದ ಮೇಲೆಯೇ ತೀರ್ಪು. ಉಡಚಮ್ಮನ ನಾಲಿಗೆ ಎಂಥದ್ದೆಂದರೆ, ಆಕೆ ಒಮ್ಮೆ 'ಆಯ್ತು' ಎಂದರೆ ಸಾಕು, ಒಲೆಯ ಬೆಂಕಿ ತಾನಾಗಿಯೇ ನಾಚಿಕೊಂಡು ಆರುತ್ತಿತ್ತು. ಸುಗ್ಗಿಯಲ್ಲಿ ಹನ್ನೆರಡು ಊರಿನ ಹಂಡೆಗಳು ಆಕೆಯ ಒಂದು ನಾಲಿಗೆಗೆ ಕಾಯುತ್ತಿದ್ದವು. ಹನ್ನೆರಡಲ್ಲ, ಇಪ್ಪತ್ನಾಲ್ಕು ಅಂದರೂ ತಪ್ಪಿಲ್ಲ.

ಈ ವರ್ಷ ಆ ಹಂಡೆಗಳಿಗೆಲ್ಲ ಹಳೆಯ ಚೊಗರಿನ ಬದಲು ಬಿದ್ದದ್ದು ಪುಡಿ. ದಿನಕ್ಕೆ ಇಪ್ಪತ್ತು ಸಲ ಆಕೆ ಬೆರಳು ಅದ್ದಿದ್ದಳು, ನೆಕ್ಕಿದ್ದಳು, ನುಂಗಿದ್ದಳು. ಮೂರು ತಿಂಗಳು.

"ಪಂಚಾಕ್ಷರಪ್ಪನೋರೆ, ಒಂದು ಜೀವ ಹೋಗ್ತಾ ಐತೆ" ಎಂದೆ.

ಅವರು ಎಲೆ ಮಡಚಿ ಬಾಯಿಗಿಟ್ಟುಕೊಂಡು ನಿಧಾನವಾಗಿ ಮಾತಿಗೆ ಬಂದರು. ಐವತ್ತರ ಆಸುಪಾಸಿನ ಮನುಷ್ಯ, ಹಣೆಯ ತುಂಬ ವಿಭೂತಿ, ಎರಡೂ ಕೈ ಮೊಣಕೈವರೆಗೆ ಕೆಂಪು. ಆ ಕೈಯನ್ನು ತೊಳೆಯುವ ಗೋಜಿಗೆ ಅವರು ಹೋಗಿದ್ದಂತೆ ಕಾಣಲಿಲ್ಲ.

"ನಿಮಗೆ ಗೊತ್ತೇನ್ರೀ, ದೊಡ್ಡೋರ ಮನೇಲಿ ಮೂರು ತಲೆಮಾರಿನ ಚೊಗರು ಇರ್ತಿತ್ತು. ನಾಕು ಗುಂಟೆ ತೋಟದೋನು ಬಣ್ಣ ಬೇಕಂದ್ರೆ ಅವರ ಹಿತ್ಲಾಗೆ ಚೆಂಬು ಹಿಡ್ಕೊಂಡು ನಿಂದ್ರಬೇಕಿತ್ತು. ನಮ್ಮಪ್ಪ ನಿಂತಿದ್ದ. ನಾನು ಅವನ ಪಂಚೆ ಚುಂಗು ಹಿಡ್ಕೊಂಡು ನಿಂತಿದ್ದೆ. ನನ್ನ ಪುಡಿ ಬಂದ ಮ್ಯಾಲೆ ಯಾರೂ ನಿಂತಿಲ್ಲ."

ಸುಳ್ಳೆನ್ನಲಾಗದ ಮಾತು. ನಾಲ್ಕು ದಿನ ಸೌದೆ ಉರಿಸಿ ಬರಿಸುತ್ತಿದ್ದ ಬಣ್ಣವನ್ನು ಪುಡಿ ಒಂದು ಗಂಟೆಯಲ್ಲಿ ಬರಿಸುತ್ತಿತ್ತು. ಹೊಗೆ ಕುಡಿದು ಕೆಮ್ಮುತ್ತಿದ್ದ ಹೆಂಗಸರು ಪುಡಿಯ ಪೊಟ್ಟಣವನ್ನು ದೇವರ ಗೂಡಿನಲ್ಲಿ ಇಟ್ಟದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ಉಬ್ರಾಣಿಯಲ್ಲಿ ಈ ಮನುಷ್ಯನ ವಿರುದ್ಧ ಒಂದು ಮಾತು ಹೊರಡಿಸಲು ಎಂಟು ದಿನ ತಿಣುಕಿದ್ದೆ. ಕೊನೆಗೆ ಮಾತಾಡಿದವಳು ಉಡಚಮ್ಮನ ಮಗಳು ಬಂಗಾರಮ್ಮ ಒಬ್ಬಳೇ.

ಇನ್ನು ನಯದ ಮಾತು ಸಾಕೆಂದು ನನ್ನ ಬ್ರಹ್ಮಾಸ್ತ್ರ ತೆಗೆದೆ. ಈ ಅಸ್ತ್ರದಿಂದ ನಾನು ಹದಿನೇಳು ಕೊಲೆಗಾರರನ್ನು ಹಿಡಿದಿದ್ದೇನೆ. ಹದಿನೇಳೂ ಕೊಲೆಗಾರರಲ್ಲ, ಕೆಲವರು ಕೋಳಿ ಕಳ್ಳರು. ಆದರೆ ಬೆವರಿದ್ದು ಎಲ್ಲರೂ ಒಂದೇ ಥರ.

ಚೀಲದಿಂದ ಒಂದು ಹಿಡಿ ಪುಡಿ ತೆಗೆದು, ಅವರ ಮುಂದಿನ ಎಲೆಯ ತಟ್ಟೆಯಲ್ಲಿ ಸುರಿದೆ. ನಿರಪಾಯದ್ದಾದರೆ ತಿಂದು ತೋರಿಸಿ ಎಂದೆ. ವಿಷವಿಕ್ಕಿದವನು ತನ್ನ ವಿಷವನ್ನು ತಾನು ಮುಟ್ಟುವುದಿಲ್ಲ. ಅವರ ಹಣೆಯ ವಿಭೂತಿ ಬೆವರಿಗೆ ಕರಗುವುದನ್ನೇ ಕಾಯುತ್ತ ಕೈಕಟ್ಟಿ ನಿಂತೆ.

ಪಂಚಾಕ್ಷರಪ್ಪನವರು ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದರು. ಎರಡು ಬೆರಳಿನಲ್ಲಿ ಪುಡಿ ತೆಗೆದು ನಾಲಿಗೆಯ ಮೇಲೆ ಸವರಿಕೊಂಡರು. ಕಣ್ಣು ಮುಚ್ಚಿ ಒಗರು ನೋಡಿದರು. ಮೂಲೆಗೆ ಉಗುಳಿ, ಹೆಗಲ ಟವಲಿನಿಂದ ಬಾಯಿ ಒರೆಸಿಕೊಂಡರು.

"ಸಂತೆ ಸಂತೇಲಿ ಜನರ ಮುಂದೆ ಇದನ್ನೇ ಮಾಡ್ತೀನಿ. ಇನ್ನೇನು ಮಾಡ್ಬೇಕು ಹೇಳ್ರಿ."

ನನ್ನ ಬ್ರಹ್ಮಾಸ್ತ್ರ ನೆಲಕ್ಕೆ ಬಿದ್ದ ಸದ್ದು ಶಿವಮೊಗ್ಗದವರೆಗೆ ಕೇಳಿರಬೇಕು.

ತನ್ನ ಪುಡಿಯಲ್ಲಿ ವಿಷವಿದೆಯೆಂದೇ ಈ ಮನುಷ್ಯನಿಗೆ ಗೊತ್ತಿಲ್ಲ. ಗೊತ್ತಿದ್ದು ಮುಚ್ಚಿಡುವವನಿಂದ ಬಾಯಿ ಬಿಡಿಸಬಹುದು. ಗೊತ್ತಿಲ್ಲದವನಿಂದ ಏನನ್ನು ಬಿಡಿಸುವುದು?

ಒಳಗೆ ಏನು ಹಾಕ್ತೀರಿ ಎಂದು ಬೇರೆ ದನಿಯಲ್ಲಿ ಕೇಳಿದೆ. ಅವರು ಬಾಗಿಲ ಕಡೆ ನೋಡಿ, ಮೆಲ್ಲಗೆ ಹೇಳಿದರು.

"ನಂಗೇ ಗೊತ್ತಿಲ್ಲ ಕಣ್ರೀ."

ಆಮೇಲೆ ಕಟ್ಟೆ ಒಡೆದಂತೆ ಬಂತು. ಮೊದಲ ವರ್ಷ ಮಿಠಾಯಿಗೆ ಹಾಕುವ ಬಣ್ಣ ತರಿಸಿ, ಅಡಿಕೆ ಸಿಪ್ಪೆಯ ಕಷಾಯದಲ್ಲಿ ಅರೆದು ಒಣಗಿಸಿ ಪುಡಿ ಮಾಡಿದ್ದರಂತೆ. ಊರೂರಿನಿಂದ ಬೇಡಿಕೆ ಬಂತು, ಬಣ್ಣ ಸಾಲಲಿಲ್ಲ. ಮುಂಬಯಿಯ ಏಜೆಂಟನೊಬ್ಬ ಅದಕ್ಕಿಂತ ಕೆಂಪಾದ, ಅದಕ್ಕಿಂತ ಅಗ್ಗದ ಮಾಲು ಕಳಿಸುತ್ತೇನೆಂದ. ತಗಡಿನ ಡ್ರಮ್ಮುಗಳಲ್ಲಿ ಬಂತು. 'ಕೆಂಪು ಎರಡು' ಎಂದು ಬರೆದರೆ ಸಾಕು, ಲಾರಿ ಬರುತ್ತಿತ್ತು. ಉಡಚಮ್ಮನ ಸುದ್ದಿ ಕೇಳಿದ ದಿನದಿಂದ ಅವನಿಗೆ ಮೂರು ಟೆಲಿಗ್ರಾಂ ಹೋಗಿವೆ. ಉತ್ತರವಿಲ್ಲ.

"ಡ್ರಮ್ಮಿನ ಮ್ಯಾಲೆ ಬರೆದಿರ್ತದಲ್ರೀ" ಎಂದೆ.

ಅವರು ಇನ್ನೊಂದು ಎಲೆಗೆ ಕೈಹಾಕಿದರು. ನಾನು ಶೆಡ್ಡಿನ ಹಿಂಬದಿಯ ಕೋಣೆಗೆ ನುಗ್ಗಿದೆ.

ಹದಿನಾಲ್ಕು ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಪುಡಿ ಜರಡಿ ಹಿಡಿಯುತ್ತಿದ್ದರು. ಗೋಡೆಯ ಬದಿಗೆ ಸಾಲಾಗಿ ಡ್ರಮ್ಮುಗಳು. ಒಂದೊಂದರ ಹೊಟ್ಟೆಯ ಮೇಲೂ ಅಂಗೈಯಗಲದ ಬಿಳಿ ಗಾಯ. ಚೀಟಿಯನ್ನು ಚಾಕುವಿನಿಂದ ಕೆರೆದು ತೆಗೆದದ್ದು. ಇಷ್ಟು ಚೊಕ್ಕಟವಾಗಿ ಸಾಕ್ಷ್ಯ ಕೆರೆಯುವವರನ್ನು ನಾನು ಮೂರು ಜಿಲ್ಲೆಯಲ್ಲಿ ಕಂಡಿರಲಿಲ್ಲ.

ಕೆರೆಯುವ ಕೆಲಸದವಳು ಕೊಟ್ರಮ್ಮ ಎಂಬ ನಡುವಯಸ್ಸಿನ ಹೆಂಗಸು. ಚೀಟಿಗಳು ಎಲ್ಲಿ ಎಂದರೆ ಒಲೆಗೆ ಎಂದಳು. ಕೆರೆಯುವ ಮೊದಲು ಅದರಲ್ಲೇನಿತ್ತೆಂದು ಯಾರಾದರೂ ಓದಿದ್ದರೇ ಎಂದು ಕೇಳಿದೆ. ಹದಿನಾಲ್ಕು ಸೆರಗಿನ ಹಿಂದಿನಿಂದ ಒಟ್ಟಿಗೇ ನಗು ಬಂತು.

"ಓದಾಕೆ ಬಂದಿದ್ರೆ ಯಜಮಾನ್ರು ನಮ್ಮನ್ನ ಒಳಗೆ ಬಿಡ್ತಿದ್ರೇನಣ್ಣ?" ಎಂದಳು ಕೊಟ್ರಮ್ಮ. "ಕೆಲಸಕ್ಕೆ ಸೇರೋ ದಿನ ಒಂದು ಪೇಪರ್ ಕೊಟ್ಟು ಓದು ಅಂತಾರೆ. ಓದಿದೋಳು ವಾಪಸ್ಸು. ನನ್ನ ತಂಗಿ ಎರಡನೇ ಕ್ಲಾಸು ಓದ್ಯಾಳೆ, ಪಾಪ, ಅವಳಿಗೆ ಸಿಗ್ಲಿಲ್ಲ."

ಹೆಂಗಸರು ಇನ್ನೊಮ್ಮೆ ನಕ್ಕರು. ನನಗೆ ನಗು ಬರಲಿಲ್ಲ.

ಪಂಚಾಕ್ಷರಪ್ಪನವರು ಬಾಗಿಲಲ್ಲಿ ನಿಂತಿದ್ದರು. ಹಿಂದೊಮ್ಮೆ ಓದಿದ ಹುಡುಗಿಯೊಬ್ಬಳು ಚೀಟಿಯ ಹೆಸರನ್ನು ಹೊರಗೆ ಒಯ್ದು ಬೇರೆಯವರಿಗೆ ಹೇಳಿದ್ದಳಂತೆ. ಅಂದಿನಿಂದ ಈ ಕಾನೂನು. ತಮಗೇ ನಾಲ್ಕನೇ ಕ್ಲಾಸಿನ ಕನ್ನಡ ಬಿಟ್ಟರೆ ಅಕ್ಷರ ಗೊತ್ತಿಲ್ಲ, ಡ್ರಮ್ಮಿನ ಮೇಲಿನದು ಇಂಗ್ಲಿಷು. ಯಾರಿಂದಲಾದರೂ ಓದಿಸಬಹುದಿತ್ತಲ್ಲ ಎಂದೆ.

"ಓದಿಸಿದ್ರೆ ಗುಟ್ಟು ಹೋಗ್ತಿತ್ತಲ್ರೀ" ಎಂದರು. ಆ ಮಾತು ಬಾಯಿಂದ ಹೊರಗೆ ಬಂದ ಮೇಲೆ ಅವರಿಗೇ ಅದು ಹೊಸದಾಗಿ ಕೇಳಿಸಿತೋ ಏನೋ, ಬಾಗಿಲ ಚೌಕಟ್ಟು ಹಿಡಿದುಕೊಂಡರು.

ಜಗತ್ತಿನ ಯಾವ ಕಳ್ಳನೂ ತನ್ನ ಮನೆಗೆ ಇಂಥ ಬೀಗ ಹಾಕಿಲ್ಲ. ಎಚ್ಚರಿಕೆ ಬರೆದ ಚೀಟಿ ತಿಂಗಳಿಗೆ ಎರಡು ಸಲ ಬಾಗಿಲೊಳಗೆ ಬರುತ್ತಿತ್ತು. ಅದನ್ನು ಓದಬಲ್ಲವರೆಲ್ಲ ಬಾಗಿಲ ಹೊರಗೆ.

ಆಗ ಕೊಟ್ರಮ್ಮ, ಯಾರೂ ಕೇಳದೆಯೇ, ಜರಡಿ ಅಲ್ಲಾಡಿಸುತ್ತಲೇ ಹೇಳಿದಳು. ಒಂದು ಡ್ರಮ್ಮಿನದು ಮಾತ್ರ ಕೆರೆಯಲು ಬರಲಿಲ್ಲ, ಅದರ ಮೇಲೆ ಚೀಟಿಯಿರಲಿಲ್ಲ, ತಗಡಿನ ಮೇಲೇ ಅಚ್ಚು ಹೊಡೆದಿತ್ತು. ಅದು ಖಾಲಿಯಾದ ಮೇಲೆ ಯಜಮಾನರು ಸೂರಗೊಂಡನಕೊಪ್ಪದ ದಾರಿಯ ಅರವಟ್ಟಿಗೆಗೆ ಕೊಟ್ಟರು, ನಡೆದು ಹೋಗುವ ಭಕ್ತರಿಗೆ ಕುಡಿಯುವ ನೀರು ತುಂಬಲು.

ನಾನು ಪಂಚಾಕ್ಷರಪ್ಪನವರ ಮುಖ ನೋಡಿದೆ. ಅವರು ಆಗಲೇ ಮೋಟಾರ್ ಸೈಕಲ್ಲಿನ ಕಡೆ ನಡೆಯುತ್ತಿದ್ದರು.

ಆ ದಾರಿಯಲ್ಲಿ ನಾವು ಹೋದ ವೇಗಕ್ಕೆ ನಮ್ಮ ನೆರಳು ಹಿಂದೆ ಉಳಿದು, ಆಮೇಲೆ ಬಸ್ಸು ಹತ್ತಿ ಬಂತು. ಸೂರಗೊಂಡನಕೊಪ್ಪದಲ್ಲಿ ಹುಟ್ಟಿದ ಲಂಬಾಣಿ ಗುರು ಸೇವಾಲಾಲರ ಜಯಂತಿಗೆ ಇನ್ನು ಮೂರು ದಿನ. ರಸ್ತೆಯ ಎರಡೂ ಬದಿ ಲಂಬಾಣಿ ಜನ, ಮುದುಕರು, ಕಂಕುಳಲ್ಲಿ ಕೂಸು ಹೊತ್ತವರು, ಬರಿಗಾಲಲ್ಲಿ ನಡೆಯುತ್ತಿದ್ದರು. ಬಿಸಿಲು ನೆತ್ತಿಯ ಮೇಲಿತ್ತು.

ಆಲದ ಮರದ ಕೆಳಗೆ ತೆಂಗಿನ ಗರಿಯ ಚಪ್ಪರ, ಅದರಡಿ ಹಸಿರು ಬಣ್ಣ ಬಳಿದ ಡ್ರಮ್ಮು. ಉಚ್ಚಂಗೆಪ್ಪ ಎಂಬ ಮುದುಕ ಹಿತ್ತಾಳೆ ಚೆಂಬಿನಲ್ಲಿ ಮೊಗೆದು ಮೊಗೆದು ಬೊಗಸೆಗಳಿಗೆ ಸುರಿಯುತ್ತಿದ್ದ. ಡ್ರಮ್ಮಿನ ಹೊಟ್ಟೆಯ ಮೇಲೆ ಹಳದಿ ಅಕ್ಷರದಲ್ಲಿ 'ದಾನಿಗಳು: ಪಂಚಾಕ್ಷರಪ್ಪ, ನ್ಯಾಮತಿ' ಎಂದು ದಪ್ಪಗೆ ಬರೆಸಿತ್ತು.

ನಾನು ಏನು ಹೇಳಬೇಕೆಂದು ಯೋಚಿಸುವುದರೊಳಗೆ ಪಂಚಾಕ್ಷರಪ್ಪನವರು ಹೋಗಿ ಡ್ರಮ್ಮಿಗೆ ಭುಜ ಕೊಟ್ಟು ಉರುಳಿಸಿಬಿಟ್ಟರು.

ನೀರು ಧೂಳಿನಲ್ಲಿ ಹರಿದುಹೋಯಿತು. ಬೊಗಸೆ ಹಿಡಿದಿದ್ದ ಮುದುಕಿ ಬೊಗಸೆ ಹಾಗೇ ಹಿಡಿದುಕೊಂಡು ನಿಂತಳು. ಉಚ್ಚಂಗೆಪ್ಪ ಚೆಂಬು ಎತ್ತಿ ಹೊಡೆಯಲು ಬಂದ. ದಾನ ಕೊಟ್ಟವರೇ ಇವರು ಎಂದು ತಿಳಿದ ಮೇಲೆ ಚೆಂಬು ಕೆಳಗಿಳಿಸಿ, ಹುಣಸೆಹಣ್ಣು ಬೂದಿ ಹಾಕಿ ಏಳು ಸಲ ತಿಕ್ಕಿದೀನಿ, ಇನ್ನೇನು ಮೈಲಿಗೆ ಆಗೈತೆ ಎಂದು ಅಳುವಂತಾದ. ಎಷ್ಟು ದಿನದಿಂದ ಇದರಲ್ಲಿ ನೀರು ಕೊಡ್ತಿದೀಯ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ ಎನ್ನುವುದನ್ನು ಇಲ್ಲಿ ಮಾತ್ರ ಒಪ್ಪಿಕೊಳ್ಳುತ್ತೇನೆ.

ಎರಡೂಮುಕ್ಕಾಲು.

ಊರಿಗೆ ಆಳು ಓಡಿಸಿ ತರಿಸಿದ ಸೀಮೆಎಣ್ಣೆ ಆಗಷ್ಟೇ ಬಂತು. ಬಟ್ಟೆ ಅದ್ದಿ ಉಜ್ಜಿದರೆ ದಾನಿಗಳ ಹೆಸರು ಕರಗಿತು, ಹಸಿರು ಕರಗಿತು. ಮೆಲ್ಲಗೆ, ಮೆಲ್ಲಗೆ ಎಂದು ನಾನು ಅನ್ನುತ್ತಲೇ ಇದ್ದೆ. ಪಂಚಾಕ್ಷರಪ್ಪನವರು ಕೇಳದೆ ಒತ್ತಿ ಉಜ್ಜುತ್ತಿದ್ದರು. ಬಟ್ಟೆ ಕಿತ್ತುಕೊಂಡು ನಾನೇ ಉಜ್ಜಿದೆ. ಗಡಿಯಾರದ ಕೂದಲೆಳೆಯ ಸ್ಪ್ರಿಂಗು ಕೂರಿಸುವ ಕೈ ಇದು, ಇದಕ್ಕಿಂತ ಹಗುರವಾದ ಕೈ ಕರ್ನಾಟಕದಲ್ಲಿಲ್ಲ.

ಮೊದಲು ಕಂಡದ್ದು ತಲೆಬುರುಡೆ. ಕೆಳಗೆ ಎರಡು ಅಡ್ಡ ಎಲುಬು.

ಅದರ ಕೆಳಗೆ ಇಂಗ್ಲಿಷಿನ ಎರಡು ಸಾಲು. ನನಗೆ ಏಳು ಥರದ ಇಂಗ್ಲಿಷು ಬರುತ್ತದೆ. ಆ ಹೊತ್ತು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಚರ್ಮ ಹದ ಮಾಡಲು ಮಾತ್ರ. ತಿನ್ನುವ ವಸ್ತುವಿನ ಹತ್ತಿರ ಇಡಕೂಡದು.

ಹೆಸರು ಬುರುಡೆಗೂ ಮೇಲಿನ ಸಾಲಿನಲ್ಲಿರಬೇಕು. ಅಲ್ಲಿ ಬಟ್ಟೆ ಒತ್ತಿದೆ. ಹಸಿರಿನ ಜೊತೆಗೆ ಅದರಡಿಯ ಕಪ್ಪು ಅಚ್ಚೂ ಎದ್ದು ಬಟ್ಟೆಗೆ ಬಂತು. ತಗಡು ಕನ್ನಡಿಯಂತೆ ಹೊಳೆಯಿತು, ಅದರಲ್ಲಿ ನನ್ನ ಮೂಗು ಕಂಡಿತು. ಬಟ್ಟೆ ಬಿಡಿಸಿ ನೋಡಿದೆ. ಬರೀ ಮಸಿ.

ಕರ್ನಾಟಕದ ಅತ್ಯಂತ ಹಗುರವಾದ ಕೈ ಉಡಚಮ್ಮನ ಔಷಧವನ್ನು ಒರೆಸಿ ಹಾಕಿತ್ತು.

ಪಂಚಾಕ್ಷರಪ್ಪನವರು ಬುರುಡೆಯನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕೂತಿದ್ದರು.

"ಇದನ್ನ ನಾನು ನೋಡಿದ್ದೆ" ಎಂದರು.

ನಾನು ತಿರುಗಿದೆ.

"ಕೊಟ್ರಮ್ಮ ತೋರಿಸಿ, ಇದೇನು ಯಜಮಾನ್ರೇ ಅಂದ್ಲು. ಕರೆಂಟ್ ಕಂಬದ ಮ್ಯಾಲೂ ಇರ್ತದಲ್ಲ ಬುರುಡೆ, ಮಳೆಗಾಲದಾಗೆ ಕಂಬ ಮುಟ್ಟಬಾರದು ಅಂತ. ಹಂಗೇ ಏನೋ ಒಂದು ಅಂತ ಹೇಳ್ದೆ. ನಂಗೂ ಹಂಗೇ ಹೇಳ್ಕೊಂಡೆ. ತಿಂದು ನೋಡ್ದೆ, ಏನೂ ಆಗ್ಲಿಲ್ಲ. ಹಬ್ಬಕ್ಕೆ ಮುಂಚೆ ಮಾಲು ಹೋಗ್ಬೇಕಿತ್ತು."

ಬೈಯಬೇಕೆಂದುಕೊಂಡೆ. ನನ್ನ ಬೈಗುಳಕ್ಕೆ ಹೊನ್ನಾಳಿಯ ಹೊಳೆ ಹಿಂದಕ್ಕೆ ಹರಿದದ್ದುಂಟು. ಆದರೆ ಕೈಯಲ್ಲಿ ಮಸಿ ಬಟ್ಟೆ ಹಿಡಿದುಕೊಂಡು ಯಾರನ್ನು ಬೈಯುವುದು? ಏಳ್ರಿ, ಫೋನು ಮಾಡಬೇಕು ಎಂದೆ, ಅಷ್ಟೆ.

ನ್ಯಾಮತಿಯ ಅಂಚೆ ಕಚೇರಿಯಲ್ಲಿ ಚನ್ನಗಿರಿಗೆ ಟ್ರಂಕ್ ಕಾಲ್ ಸಿಕ್ಕಾಗ ನಾಲ್ಕಕ್ಕೆ ಇಪ್ಪತ್ತು ನಿಮಿಷ. ಡಾಕ್ಟರು ತಾವೇ ಎತ್ತಿದರು. ಚರ್ಮ ಹದ ಮಾಡುವ ಕೆಂಪು ಪುಡಿ, ಹೆಸರು ಅಳಿಸಿದೆ, ಇಷ್ಟೇ ಸಿಕ್ಕಿತು ಎಂದೆ.

"ಅದಕ್ಕೆ ಬಳಸೋ ಕೆಂಪು ಪುಡಿ ಎರಡಿವೆ" ಎಂದರು ಡಾಕ್ಟರು. "ಎರಡರ ಔಷಧವೂ ಇಲ್ಲೇ ನನ್ನ ಮೇಜಿನ ಮೇಲಿದೆ. ಆದರೆ ಒಂದರದ್ದು ಇನ್ನೊಂದಕ್ಕೆ ಕೊಟ್ಟರೆ ಆಕೆಯ ಕಿಡ್ನಿ ಅಲ್ಲಿಗೇ ನಿಲ್ಲುತ್ತದೆ. ಯಾವುದು?"

ಗೊತ್ತಿಲ್ಲ ಎಂದೆ. ಆ ಮಾತನ್ನು ನಾನು ಹಿಂದೆ ಯಾವಾಗ ಆಡಿದ್ದೆನೋ ನೆನಪಿಲ್ಲ.

ಉಸಿರು ಮೇಲೆ ಮೇಲೆ ಬರುತ್ತಿದೆ, ಪುಡಿಯನ್ನು ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸುವಷ್ಟು ದಿನ ಆಕೆಗಿಲ್ಲ, ಸುಮ್ಮನಿದ್ದರೆ ರಾತ್ರಿ ಕಳೆಯುವುದಿಲ್ಲ ಎಂದರು ಡಾಕ್ಟರು. ಊಹೆಯ ಮೇಲೆ ತಾವಾಗಿ ಸೂಜಿ ಚುಚ್ಚಲಾರೆ, ಮನೆಯವರು ಹೇಳಲಿ ಎಂದರು. ರಿಸೀವರು ಕೈ ಬದಲಾಯಿಸಿದ ಸದ್ದಾಯಿತು.

"ಅಣ್ಣಾ, ನಾನು ಬಂಗಾರಮ್ಮ" ಎಂದಿತು ದನಿ. ಅಳುತ್ತಿರಲಿಲ್ಲ. "ಎರಡು ಬಾಟ್ಲಿ ಇಟ್ಟಾರೆ. ನಂಗೆ ನೋಡಿದ್ರೆ ಎರಡೂ ಒಂದೇ ಥರ ಕಾಣ್ತವೆ. ಡಾಕ್ಟ್ರು ನನ್ನ ಕೇಳ್ತಾರೆ. ನಂಗೇನು ತಿಳೀತದೆ? ನಮ್ಮ ತಿಪ್ಪೇಶಣ್ಣ ಹೇಳಿದ್ದು ಇದುವರೆಗೂ ತಪ್ಪಿಲ್ಲ, ಅವರು ಹೇಳಿದ್ದನ್ನೇ ಹಾಕ್ರಿ ಅಂದೀನಿ."

ಪಂಚಾಕ್ಷರಪ್ಪನವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅಂಚೆ ಮಾಸ್ತರರು ಗೋಡೆ ಗಡಿಯಾರ ತೋರಿಸಿ, ಮೂರು ನಿಮಿಷ ಮುಗಿಯಿತು, ಲೈನು ಈಗ ಹೋಗುತ್ತದೆ ಎಂದರು.

"ಎಡಗಡೇದಾ, ಬಲಗಡೇದಾ?" ಎಂದಳು ಬಂಗಾರಮ್ಮ. "ಡಾಕ್ಟ್ರು ಸೂಜಿ ಹಿಡ್ಕೊಂಡು ನಿಂತಾರೆ. ಒಂದು ಹೇಳಣ್ಣಾ."